ಸೂಜಿ, ನೂಲು ಮತ್ತು ಕೌದಿ

ಬಿಡುವಿನ ವೇಳೆಯನ್ನು ಸಂತೋಷಕರವಾಗಿಯೂ ಪ್ರಯೋಜನಕರವಾಗಿಯೂ ಕಳೆಯುವ ಬಗೆಗೆ ಹವ್ಯಾಸವೆಂದು ಹೆಸರು. ಅಂಚೆಚೀಟಿಗಳ ಸಂಗ್ರಹ, ಚಿತ್ರಲೇಖನ, ತೋಟಗಾರಿಕೆ ಮೊದಲಾದ ಹವ್ಯಾಸಗಳನ್ನು ಕುರಿತು ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿ ಲೇಖನಗಳು ಬರುತ್ತಲೇ ಇರುತ್ತವೆ. ಹೊಲಿಗೆಯನ್ನು ಕುರಿತು ಬರೆದವರು ಮಾತ್ರ ವಿರಳ. ಅದು ಹೆಂಗಸರ ಕೆಲಸವೆಂದೋ ದರ್ಜಿಯ ಕಸುಬೆಂದೋ ಬಗೆದು ನಾವೆಲ್ಲರೂ ಅದನ್ನು ದೂರವಿರಿಸಿದ್ದೇವೆ. ಈ ಲೇಖನದಲ್ಲಿ ಹೊಲಿಗೆಯ ಒಂದು ಪ್ರಕಾರವಾದ ಕೌದಿಯನ್ನು ಮುಖ್ಯವಾಗಿಟ್ಟುಕೊಂಡು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಇದಕ್ಕೆ ಕಾರಣವೊಂದುಂಟು. ಕಳೆದ ಚಳಿಗಾಲದಲ್ಲಿ ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದಾಗ, "ಮನೆಯಲ್ಲಿ ಕೌದಿ ಇರುವವರು ಕೈಯೆತ್ತಿರಿ" ಎಂದೆವು. ಒಂದು ಕೈಯೂ ಮೇಲೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ನಮ್ಮ ಮನೆಯಲ್ಲಿ ಇದೆ, ನಿನ್ನೆಯ ರಾತ್ರಿ ಅದನ್ನೇ ಹೊದ್ದು ಮಲಗಿದ್ದೆವು" ಎಂದು ನಾವು ಹೇಳಿದ ಮೇಲೆ ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಕೊನೆಗೆ ಎಣಿಸಿದಾಗ ಹತ್ತೊಂಬತ್ತು ಕೈಗಳಿದ್ದುವು. ಮನೆಯಲ್ಲಿ ದಿನವೂ ಬಳಸುವ ವಸ್ತುವನ್ನು ಹೆಸರಿಸುವುದಕ್ಕೆ ಮಕ್ಕಳಿಗೆ ಇಷ್ಟು ಸಂಕೋಚವೇಕೆ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಕಾಡುತ್ತಿದೆ. ಆ ಸಂಕೋಚವನ್ನು ನಾವೂ ಒಮ್ಮೆ ಪಟ್ಟವರೇ ಎಂಬುದನ್ನು ಮುಂದೆ ಹೇಳುವೆವು.

ಕೌದಿ ಎಂದರೇನು?

ಹಳೆಯ ಹತ್ತಿಯ ಬಟ್ಟೆಗಳನ್ನು ಕೆಲವು ಪದರಗಳಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವೂ ಒಂದಾಗುವಂತೆ ಕೈಯಿಂದ ಒತ್ತೊತ್ತಾಗಿ ಹೊಲಿದ ಹಾಸು-ಹೊದಿಕೆಯೇ ಕೌದಿ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿ ಮೊದಲಾದ ಜಿಲ್ಲೆಗಳಲ್ಲಿ ಕೌದಿಯಿಲ್ಲದ ಹಳ್ಳಿಯ ಮನೆಯನ್ನು ಕಾಣುವುದು ಕಷ್ಟ. ಕೆಲವರು ಇದನ್ನು ಕವದಿ ಎನ್ನುವರು. ಸುಗ್ಗಿಯ ಕೆಲಸ ಮುಗಿದ ಬಳಿಕ ಮನೆಯ ಹೆಂಗಸರು ನೆರೆಹೊರೆಯವರೊಡನೆ ಪಡಸಾಲೆಯಲ್ಲಿ ಕುಳಿತು ಇದನ್ನು ಹೊಲಿಯುವರು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಅಲೆಮಾರಿ ಹೆಣ್ಣುಮಕ್ಕಳೂ ಉಂಟು.

ಇದು ಕನ್ನಡ ನಾಡಿಗೆ ಮಾತ್ರ ಸೀಮಿತವಾದ ವಿದ್ಯೆಯಲ್ಲ. ನಾವು ಈಗ ವಾಸವಾಗಿರುವ ಮಹಾರಾಷ್ಟ್ರದಲ್ಲಿ ಇದನ್ನು ಗೋಧಡಿ ಎನ್ನುವರು. ನಮ್ಮ ಮರಾಠಿ ನೆರೆಯವರ ಮನೆಯಲ್ಲಿ ನೀವು ಅದನ್ನು ನೋಡಿಯೇ ಇರುವಿರಿ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನಗಳಲ್ಲಿ ರಲ್ಲಿ ಎಂಬ ಹೆಸರುಗಳಿವೆ. ಸಂಸ್ಕೃತದಲ್ಲಿ ಕಂಥಾ ಎಂದರೆ ತೇಪೆ ಹಾಕಿದ ಬಟ್ಟೆ. ಕನ್ನಡದಲ್ಲಿ ಬೊಂತೆ ಎಂಬ ಹಳೆಯ ಮಾತೂ ಇದೇ ಅರ್ಥದ್ದು. "ಕಂತೆಗೆ ತಕ್ಕ ಬೊಂತೆ" ಎಂಬ ಗಾದೆಯನ್ನು ಹಾಸ್ಯಕ್ಕಾಗಿ ಬಳಸುವವರು ಅದರಲ್ಲಿ ಒಂದು ಹಳೆಯ ಕಸುಬಿನ ಹೆಸರು ಅಡಗಿದೆಯೆಂಬುದನ್ನು ಮರೆತಿರುವರು.

ಸೂಜಿಯ ಹಿರಿತನ

ಸೂಜಿಯು ಮಾನವನ ಅತಿ ಪ್ರಾಚೀನ ಉಪಕರಣಗಳಲ್ಲಿ ಒಂದು. ಸೈಬೀರಿಯಾದ ಡೆನಿಸೋವಾ ಎಂಬ ಗುಹೆಯಲ್ಲಿ ಎಲುಬಿನಿಂದ ಮಾಡಿದ, ಕಣ್ಣುಳ್ಳ ಸೂಜಿಗಳು ದೊರೆತಿವೆ. ಅವು ನಲವತ್ತು ಸಾವಿರ ವರ್ಷಗಳಿಗೂ ಹಿಂದಿನವೆಂದು ವಿದ್ವಾಂಸರು ಹೇಳುವರು. ಮಾನವನು ಕೃಷಿಯನ್ನು ಕಲಿಯುವುದಕ್ಕೆ ಬಹು ಮೊದಲೇ ಹೊಲಿಯುವುದನ್ನು ಕಲಿತಿದ್ದನೆಂಬುದು ಇದರಿಂದ ತಿಳಿದುಬರುವುದು. ಚಳಿಯ ನಾಡಿನಲ್ಲಿ ಮೈಗೆ ಹೊಂದುವ ಉಡುಪನ್ನು ಹೊಲಿಯಬಲ್ಲವನೇ ಬದುಕಿ ಉಳಿದನು.

ತುಂಡುಗಳನ್ನು ಜೋಡಿಸಿ ಹೊಲಿಯುವುದು ಬಡತನದ ಗುರುತೆಂದು ನಾವು ತಿಳಿಯುತ್ತೇವೆ. ಪೂರ್ವಿಕರು ಹಾಗೆ ತಿಳಿಯಲಿಲ್ಲ. ಬುದ್ಧನು ಮಗಧದ ಗದ್ದೆಗಳನ್ನೂ ಅವುಗಳ ನಡುವಣ ಬದುಗಳನ್ನೂ ನೋಡಿ, ಅದೇ ಮಾದರಿಯಲ್ಲಿ ಭಿಕ್ಷುಗಳ ಚೀವರವನ್ನು ತುಂಡುಗಳಿಂದ ಹೊಲಿಯಬಹುದೇ ಎಂದು ಶಿಷ್ಯನಾದ ಆನಂದನನ್ನು ಕೇಳಿದನೆಂದೂ, ಆನಂದನು ಹಾಗೆಯೇ ಹೊಲಿದು ತೋರಿಸಿದನೆಂದೂ ಬೌದ್ಧ ಗ್ರಂಥಗಳಲ್ಲಿದೆ. ಇಂದಿಗೂ ಭಿಕ್ಷುಗಳ ವಸ್ತ್ರವು ತುಂಡುಗಳನ್ನು ಜೋಡಿಸಿ ಮಾಡಿದುದೇ ಆಗಿರುತ್ತದೆ.

ನಮ್ಮ ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ನೀವು ಪಾಠಗಳಲ್ಲಿ ಓದಿರುವಿರಿ. ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದಾನೆ. ನೂಲುವ ಕಾಯಕದ ಕದಿರೆ ರೆಮ್ಮವ್ವೆ ಇದ್ದಾಳೆ. ಬೊಂತಾದೇವಿ ಎಂಬ ಶರಣೆಗೆ ಬೊಂತೆಯಿಂದಲೇ ಆ ಹೆಸರು ಬಂದಿತೆಂಬ ಕಥೆಯುಂಟು. ಸೂಜಿಯೂ ಕದಿರೂ ಬೊಂತೆಯೂ ಹೆಸರಿನ ಮುಂದೆ ಬಿರುದಿನಂತೆ ನಿಂತ ನಾಡು ನಮ್ಮದು. ಅಂಥ ನಾಡಿನ ಮಕ್ಕಳು ಕೌದಿಯ ಹೆಸರು ಹೇಳಲು ನಾಚಬೇಕೆ?

ಸಿದ್ದಿ ಜನರ ಕೌದಿ

ಕೌದಿಯ ಕಲೆಯಲ್ಲಿ ವಿಶೇಷವಾಗಿ ಹೆಸರಿಸಬೇಕಾದವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನರು. ಇವರ ಪೂರ್ವಜರು ಆಫ್ರಿಕದವರು. ಪೋರ್ತುಗೀಜರೂ ಅರಬ ವರ್ತಕರೂ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡುಗಳಲ್ಲಿ ನೆಲೆಸಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಇವರ ಊರುಗಳಿವೆ. ೨೦೦೩ರಲ್ಲಿ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಸಿದ್ದಿ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತ ಹೋಗುವರು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ, ಒಂದರ ಮೇಲೊಂದು ಪದರವಾಗಿ ಕೂಡಿಸಿ ಹೊಲಿಯುವರು. ಇದಕ್ಕೆ ಫೂಲು, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಪೂರ್ಣವಾದುದಲ್ಲ. ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಕ್ರೈಸ್ತರ ಕೆಲವು ಕೌದಿಗಳಲ್ಲಿ ಶಿಲುಬೆಯ ಆಕಾರವನ್ನೂ ಮುಸಲ್ಮಾನರ ಕೆಲವು ಕೌದಿಗಳಲ್ಲಿ ಅರ್ಧಚಂದ್ರವನ್ನೂ ಕಾಣಬಹುದು. ಹೊಲಿಗೆ ಮಾತ್ರ ಎಲ್ಲರದೂ ಒಂದೇ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕೌದಿಗಳನ್ನು ಅಭ್ಯಾಸ ಮಾಡಿದರು; ಅವರ ನೆರವಿನಿಂದ ೨೦೦೪ರಲ್ಲಿ ಸಿದ್ದಿ ಹೆಂಗಸರ ಸಹಕಾರಿ ಸಂಘವೊಂದು ಆರಂಭವಾಯಿತು. ೨೦೧೧ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ನಾವು ಗಂಟುಕಟ್ಟಿ ಅಟ್ಟಕ್ಕೆ ಎಸೆಯುವ ವಸ್ತುವನ್ನು ಸಮುದ್ರದಾಚೆಯ ಜನ ಗೋಡೆಗೆ ತೂಗುಹಾಕಿ ನಿಂತು ನೋಡಿದರು!

ನಮ್ಮ ಪೆಟ್ಟಿಗೆಯೊಳಗಿನ ಕೌದಿ

ಇನ್ನು ನಮ್ಮ ಮಾತು. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿಯೇ ಓದಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಉದ್ಯೋಗಕ್ಕಾಗಿ ಮುಂಬಯಿಗೆ ಬಂದಾಗ ನಮ್ಮ ಬಳಿ ಇದ್ದುದು ಒಂದು ತಗಡಿನ ಪೆಟ್ಟಿಗೆ ಮತ್ತು ಅದರೊಳಗೆ ತಾಯಿ ಇಟ್ಟುಕೊಟ್ಟ ಒಂದು ಕೌದಿ. ನಾಲ್ವರು ಕೂಡಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಉಳಿದ ಮೂವರು ಅಂಗಡಿಯ ಹೊದಿಕೆಗಳನ್ನು ತಂದಿದ್ದರು. ನಮಗೆ ನಾಚಿಕೆಯಾಯಿತು. ಮೊದಲನೆಯ ಸಂಬಳದಲ್ಲಿ ನಾವೂ ಒಂದು ಹೊದಿಕೆಯನ್ನು ಕೊಂಡೆವು. ಕೌದಿ ಪೆಟ್ಟಿಗೆಯ ತಳವನ್ನು ಸೇರಿತು. ಹೀಗೆ ಆರು ವರ್ಷಗಳು ಕಳೆದುವು.

ಒಂದು ಮಳೆಗಾಲದಲ್ಲಿ ಕೋಣೆಯ ಮಾಳಿಗೆ ಸೋರಿ ಪೆಟ್ಟಿಗೆಯೊಳಗೆ ನೀರು ಸೇರಿತು. ನಾಲ್ಕು ದಿನಗಳ ಬಳಿಕ ತೆರೆದಾಗ ಕೌದಿಯ ಒಂದು ಮಗ್ಗುಲು ಬೂಷ್ಟು ಹಿಡಿದು, ನೂಲು ಕೊಳೆತು, ಪದರಗಳು ಬಾಯಿಬಿಟ್ಟಿದ್ದುವು. ಓಣಿಯ ದರ್ಜಿಯ ಬಳಿಗೆ ಕೊಂಡೊಯ್ದೆವು. ಆತನ ಯಂತ್ರಕ್ಕೆ ಅಷ್ಟು ದಪ್ಪವನ್ನು ತಡೆಯಲಾಗಲಿಲ್ಲ, ಸೂಜಿಯೇ ಮುರಿಯಿತು. "ಇದನ್ನು ಎಸೆದುಬಿಡಿ, ಗುರುಗಳೇ" ಎಂದು ಆತನು ಸಹಜವಾಗಿಯೇ ಹೇಳಿದನು. ಎಸೆಯಲು ಕೈ ಬರಲಿಲ್ಲ. ಹೊಲಿಯೋಣವೆಂದರೆ ಸೂಜಿ ಹಿಡಿಯುವ ಬಗೆ ತಿಳಿಯದು. ಎಷ್ಟೋ ಪದ್ಯಗಳನ್ನು ಬಾಯಿಪಾಠ ಮಾಡಿದ್ದ ನಮಗೆ, ಇಪ್ಪತ್ತು ವರ್ಷ ನಮ್ಮ ಕಣ್ಣೆದುರಿಗೇ ನಡೆದಿದ್ದ ಕೆಲಸವೊಂದು ಗೊತ್ತಿರಲಿಲ್ಲ!

ಆ ವರ್ಷದ ಬೇಸಿಗೆಯ ರಜೆಯಲ್ಲಿ ಕೌದಿಯನ್ನು ಊರಿಗೆ ಒಯ್ದೆವು. ತಾಯಿಯ ಕಣ್ಣು ಆಗಲೇ ಮಂಜಾಗಿತ್ತು. ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಾಡಿಸಿದರು. ಒಂದೊಂದು ತುಂಡನ್ನೂ ಕೈಯಿಂದಲೇ ಗುರುತಿಸಿದರು. ಇದು ಅಜ್ಜಿಯ ಇಳಕಲ್ಲ ಸೀರೆ. ಇದು ಅಕ್ಕನ ಮೊದಲನೆಯ ಲಂಗ. ಇದು ನಮ್ಮ ಶಾಲೆಯ ಅಂಗಿ. ಇದು ತಂದೆಯ ರುಮಾಲು. ನಾವು ನಾಲ್ಕನೆಯ ತರಗತಿಯಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರು. ಅವರದೊಂದು ಭಾವಚಿತ್ರವೂ ಮನೆಯಲ್ಲಿ ಇರಲಿಲ್ಲ. ಆರು ವರ್ಷ ಪೆಟ್ಟಿಗೆಯ ತಳದಲ್ಲಿ ನಾವು ಬಚ್ಚಿಟ್ಟುದು ಏನೆಂಬುದು ಆಗ ನಮಗೆ ತಿಳಿಯಿತು.

ಮರುದಿನದಿಂದ ಪಾಠ ಆರಂಭವಾಯಿತು. ಸೂಜಿಗೆ ನೂಲು ಪೋಣಿಸುವುದು ನಮ್ಮ ಕೆಲಸ. ಹೊಲಿದು ತೋರಿಸುವುದು ಅವರ ಕೆಲಸ. ಅವರು ಹೇಳಿದುದನ್ನೂ, ಮುಂದೆ ನಾವು ಓದಿ ತಿಳಿದುದನ್ನೂ ಕೂಡಿಸಿ ಕೆಳಗೆ ಬರೆಯುತ್ತೇವೆ.

ಬಟ್ಟೆಯ ಆಯ್ಕೆ

ಕೌದಿಗೆ ಹಳೆಯ ಹತ್ತಿಯ ಬಟ್ಟೆಯೇ ಆಗಬೇಕು. ಹತ್ತಿಯು ಬೆವರನ್ನು ಹೀರಿಕೊಳ್ಳುತ್ತದೆ, ಒಗೆದಂತೆ ಮೆದುವಾಗುತ್ತದೆ, ಸೂಜಿಗೆ ಸುಲಭವಾಗಿ ದಾರಿ ಕೊಡುತ್ತದೆ. ಹಳೆಯದೇ ಏಕೆ? ಹೊಸ ಹತ್ತಿಬಟ್ಟೆಯಲ್ಲಿ ಗಂಜಿ ಇರುತ್ತದೆ. ಒಗೆದಾಗ ಅದು ಮುದುಡುತ್ತದೆ. ಹಳೆಯ ಬಟ್ಟೆಯಾದರೋ ಮುದುಡುವಷ್ಟು ಮುದುಡಿ ಮುಗಿದಿರುತ್ತದೆ. ಹಳೆಯದರ ನಡುವೆ ಒಗೆಯದ ಹೊಸ ತುಂಡನ್ನು ಸೇರಿಸಿದರೆ, ಮೊದಲನೆಯ ಒಗೆತದಲ್ಲಿಯೇ ಅದು ಸುತ್ತಲಿನ ಬಟ್ಟೆಯನ್ನು ಸೆಳೆದು ಹರಿಯುವುದು. ಹೊಸದನ್ನು ಬಳಸಲೇಬೇಕಾದರೆ ಎರಡು ಸಲ ಒಗೆದು ಒಣಗಿಸಿ ಬಳಸಬೇಕು.

ಈ ನಗರದಲ್ಲಿ ಬಟ್ಟೆಗೆ ಕೊರತೆಯಿಲ್ಲ. ೧೮೫೪ರಲ್ಲಿ ಮುಂಬಯಿಯ ಮೊದಲನೆಯ ಹತ್ತಿಗಿರಣಿ ಸ್ಥಾಪನೆಯಾಯಿತು. ಬಳಿಕ ಪರಳ, ಲಾಲಬಾಗ ಕಡೆಯ ಭಾಗವೆಲ್ಲ ಗಿರಣಿಗಳ ಊರೇ ಆಯಿತು. ೧೯೮೨ರ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಆದರೂ ಉಡುಪು ಹೊಲಿಯುವ ಸಣ್ಣ ಕಾರಖಾನೆಗಳು ಧಾರಾವಿಯೇ ಮೊದಲಾದ ಕಡೆಗಳಲ್ಲಿ ನಡೆದೇ ಇವೆ. ಅಲ್ಲಿ ಕತ್ತರಿಸಿ ಉಳಿದ ಚೂರುಗಳಿಗೆ ಚಿಂದಿ ಎನ್ನುವರು. ಈ ಚಿಂದಿಯಲ್ಲಿ ಹತ್ತಿಯ ಜೊತೆಗೆ ಪಾಲಿಯೆಸ್ಟರ್ ಮೊದಲಾದ ಕೃತಕ ನೂಲಿನ ಬಟ್ಟೆಯೂ ಬೆರೆತಿರುತ್ತದೆ. ಅದು ಬೆವರನ್ನು ಹೀರುವುದಿಲ್ಲ. ನುಣುಪಾಗಿರುವುದರಿಂದ ಪದರದಿಂದ ಜಾರುತ್ತದೆ. ಎರಡನ್ನೂ ಬೇರ್ಪಡಿಸಲು ಸುಲಭವಾದ ಪರೀಕ್ಷೆಯಿದೆ. ಚೆನ್ನಾಗಿ ಒಗೆದ ತುಂಡಿನ ಮೇಲೆ ಒಂದು ಹನಿ ನೀರನ್ನು ಬಿಡಿರಿ. ಹತ್ತಿಯಾದರೆ ನೀರು ಬೇಗನೆ ಇಂಗಿ ಹರಡುವುದು. ಕೃತಕ ಬಟ್ಟೆಯಾದರೆ ಹನಿ ಕೆಲವು ಕಾಲ ಮೇಲೆಯೇ ನಿಂತಿರುವುದು.

ತುಂಡನ್ನು ಕತ್ತರಿಸುವಾಗ ಬಟ್ಟೆಯ ಹಾಸು-ಹೊಕ್ಕುಗಳನ್ನು ಗಮನಿಸಬೇಕು. ನೇಕಾರನು ಉದ್ದಕ್ಕೆ ಕಟ್ಟಿದ ಎಳೆ ಹಾಸು. ಅಡ್ಡಕ್ಕೆ ಓಡಿಸಿದ ಎಳೆ ಹೊಕ್ಕು. ಈ ಎರಡು ಎಳೆಗಳ ಗುಂಟ ಕತ್ತರಿಸಿದ ತುಂಡು ಅಳತೆಯನ್ನು ಬಿಟ್ಟುಕೊಡುವುದಿಲ್ಲ. ಓರೆಯಾಗಿ ಕತ್ತರಿಸಿದ ತುಂಡು ಎಳೆದಂತೆ ಹಿಗ್ಗಿ ಸೊಟ್ಟಗಾಗುವುದು. ಕೈವಸ್ತ್ರವೊಂದನ್ನು ಮೊದಲು ಅಂಚುಗಳಿಂದಲೂ, ಆಮೇಲೆ ಎದುರುಬದುರಿನ ಮೂಲೆಗಳಿಂದಲೂ ಎಳೆದು ನೋಡಿದರೆ ಈ ವ್ಯತ್ಯಾಸ ನಿಮಗೇ ತಿಳಿಯುವುದು.

ಹೊಲಿಯುವ ಕ್ರಮ

ಮೊದಲು ನೆಲವನ್ನು ಗುಡಿಸಿ ಒರೆಸಬೇಕು. ಅಡಿಯ ಪದರವಾಗಿ ಒಂದು ಹಳೆಯ ಸೀರೆಯನ್ನು ಬೇಕಾದ ಅಳತೆಗೆ ಮಡಿಸಿ, ಸುಕ್ಕಿಲ್ಲದಂತೆ ಹಾಸಬೇಕು. ಅದರ ಮೇಲೆ ಧೋತರ, ಹಾಸಿಗೆಯ ಬಟ್ಟೆ ಮೊದಲಾದುವುಗಳ ಒಂದೆರಡು ಪದರಗಳು. ಇವು ಜರುಗದಂತೆ ಅಲ್ಲಲ್ಲಿ ಗೇಣುದ್ದದ ದೊಡ್ಡ ಟಾಕುಗಳನ್ನು ಹಾಕಿಕೊಳ್ಳಬೇಕು. ಕೆಲಸ ಮುಗಿದ ಬಳಿಕ ಇವನ್ನು ಕಿತ್ತುಬಿಡಬಹುದು. ಅನಂತರ ಬಣ್ಣದ ತುಂಡುಗಳನ್ನು ಅಂಚು ಮಡಿಸಿ ಜೋಡಿಸುತ್ತ, ಹೊರ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಸಾಗಬೇಕು. ಒಂದು ಸಾಲಿಗೂ ಮುಂದಿನ ಸಾಲಿಗೂ ಬೆರಳಿನ ಅಗಲಕ್ಕಿಂತ ಹೆಚ್ಚು ಅಂತರ ಇರಬಾರದು.

ಇಲ್ಲಿ ಬಳಸುವುದು ಅತ್ಯಂತ ಸರಳವಾದ ಓಟದ ಹೊಲಿಗೆ. ಸೂಜಿಯು ಒಮ್ಮೆ ಕೆಳಗಿಳಿದು ಒಮ್ಮೆ ಮೇಲೇರಿ ಮುಂದೆ ಸಾಗುತ್ತದೆ. ಒಂದೇ ನೂಲು ಎಲ್ಲ ಪದರಗಳನ್ನೂ ಹಿಡಿದು ನಿಲ್ಲುತ್ತದೆ. ಗಟ್ಟಿಯಾದ ಹತ್ತಿಯ ನೂಲು, ಕಣ್ಣು ದೊಡ್ಡದಾದ ಸೂಜಿ, ಬೆರಳಿಗೆ ತೊಡುವ ಅಂಗುಸ್ತಾನ, ಕತ್ತರಿ ಇವಿಷ್ಟಿದ್ದರೆ ಸಾಕು. ನೂಲು ಒಂದು ತೋಳಿನ ಉದ್ದಕ್ಕಿಂತ ಹೆಚ್ಚಿದ್ದರೆ ಸಿಕ್ಕುಬೀಳುವುದು. "ಸೂಜಿಯ ಹಿಂದೆ ದಾರ" ಎಂಬ ಮಾತಿನಂತೆ ಅದು ಸರಾಗವಾಗಿ ಬರಬೇಕಾದರೆ ಆಸೆಪಟ್ಟು ಉದ್ದ ತೆಗೆದುಕೊಳ್ಳಬಾರದು.

ಆರಂಭದಲ್ಲಿ ನಾವು ಹೊಲಿಗೆ ಭದ್ರವಾಗಲೆಂದು ನೂಲನ್ನು ಬಿಗಿಯಾಗಿ ಜಗ್ಗುತ್ತಿದ್ದೆವು. ಬಟ್ಟೆ ನಿರಿಗೆಗಟ್ಟುತ್ತಿತ್ತು. ತಾಯಿ ಅದನ್ನು ಬೆರಳಿನಿಂದಲೇ ಅರಿತು, "ಅಷ್ಟ್ ಜಗ್ಗಬ್ಯಾಡಪಾ, ಅದಕ್ಕೂ ಉಸುರಾಡಾಕ ಜಾಗಾ ಬೇಕು" ಎಂದರು. ನಾವು ಅದನ್ನು ಮುದುಕಿಯ ಮಾತೆಂದು ನಕ್ಕು ಸುಮ್ಮನಾದೆವು. ವಿಜ್ಞಾನ ಪುಸ್ತಕದಲ್ಲಿ ಶಾಖಪ್ರಸರಣದ ಪಾಠವನ್ನು ಹೇಳುವ ದಿನ ಬಂದಾಗ ಆ ಮಾತಿನ ಅರ್ಥ ಹೊಳೆಯಿತು.

ಹೊದಿಕೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ನಮ್ಮ ದೇಹದ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ಆ ಶಾಖವು ಹೊರಗೆ ಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿಯು ಶಾಖದ ಅಧಮವಾಹಕ. ಆದುದರಿಂದಲೇ ಒಂದು ದಪ್ಪ ಅಂಗಿಗಿಂತ ಎರಡು ತೆಳು ಅಂಗಿಗಳು ಬೆಚ್ಚಗಿರುವುವು. ಕೌದಿಯ ಸಾಲುಹೊಲಿಗೆಗಳ ನಡುವೆ ಅಂಥ ಗಾಳಿಯ ಸಣ್ಣ ಸಣ್ಣ ಕಾಲುವೆಗಳು ಉಂಟಾಗುತ್ತವೆ. ನೂಲನ್ನು ಬಿಗಿಯಾಗಿ ಜಗ್ಗಿದರೆ ಪದರಗಳು ಒತ್ತಿಕೊಂಡು ಗಾಳಿಗೆ ಜಾಗವೇ ಉಳಿಯುವುದಿಲ್ಲ. ನೂಲು ತೀರ ಸಡಿಲಾದರೆ ಪದರಗಳು ಜರುಗಿ ಒಂದು ಕಡೆ ಗಂಟಾಗುವುವು. ಎರಡರ ನಡುವಣ ಹದವನ್ನು ಪುಸ್ತಕ ಹೇಳಿಕೊಡಲಾರದು. ಅದು ಬೆರಳಿಗೇ ಬರಬೇಕು.

ಒಂದು ಲೆಕ್ಕ

ಗಣಿತಪ್ರಿಯರಿಗಾಗಿ ಒಂದು ಲೆಕ್ಕವನ್ನು ಮಾಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಯೊಂದಿದೆಯೆನ್ನಿ. ಅಂಗುಲಗಳಲ್ಲಿ ಅದು ೭೨ ಮತ್ತು ೪೮. ಕ್ಷೇತ್ರಫಲ ೩,೪೫೬ ಚದರ ಅಂಗುಲ. ಅರ್ಧ ಅಂಗುಲಕ್ಕೊಂದು ಸಾಲಿನಂತೆ ಹೊಲಿದರೆ ಸಾಲುಗಳ ಒಟ್ಟು ಉದ್ದ ೬,೯೧೨ ಅಂಗುಲ, ಅಂದರೆ ೫೭೬ ಅಡಿ. ಅಂಗುಲಕ್ಕೆ ಮೂರು ಹೊಲಿಗೆಯಂತೆ ಒಟ್ಟು ೨೦,೭೩೬ ಹೊಲಿಗೆಗಳು. ನಿಮಿಷಕ್ಕೆ ಹತ್ತು ಹೊಲಿಗೆಯಾದರೆ ಸುಮಾರು ಮೂವತ್ತೈದು ಗಂಟೆಗಳ ಕೆಲಸ. ದಿನಕ್ಕೆ ಒಂದು ಗಂಟೆ ಕುಳಿತರೆ ಐದು ವಾರಗಳಲ್ಲಿ ಒಂದು ಕೌದಿ. ನಮ್ಮ ಬೇಸಿಗೆಯ ರಜೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ! ನಮ್ಮ ತಾಯಂದಿರು ಜೀವಮಾನದಲ್ಲಿ ಇಂಥವನ್ನು ಎಷ್ಟು ಹೊಲಿದಿರಬಹುದೆಂಬ ಗುಣಾಕಾರವನ್ನು ನೀವೇ ಮಾಡಿರಿ.

ಯಂತ್ರವೂ ಕೈಯೂ

ಅಮೆರಿಕದ ಎಲಿಯಾಸ್ ಹೋವೆ ಎಂಬವನು ೧೮೪೬ರಲ್ಲಿ ಹೊಲಿಗೆಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಕೈಸೂಜಿಗೆ ಕಣ್ಣು ಹಿಂಭಾಗದಲ್ಲಿದ್ದರೆ, ಅವನ ಯಂತ್ರದ ಸೂಜಿಗೆ ಕಣ್ಣು ಮೊನೆಯ ಬಳಿಯಲ್ಲಿ. ಮೇಲಿನದೊಂದು, ಕೆಳಗಿನದೊಂದು, ಹೀಗೆ ಎರಡು ನೂಲುಗಳು ಬಟ್ಟೆಯ ನಡುವೆ ಹೆಣೆದುಕೊಂಡು ಹೊಲಿಗೆಯಾಗುವುದು. ೧೮೫೧ರಲ್ಲಿ ಐಸಾಕ್ ಸಿಂಗರ್ ಎಂಬವನು ಅದನ್ನು ಸುಧಾರಿಸಿ ಮನೆಮನೆಗೆ ಮುಟ್ಟಿಸಿದನು. ಯಂತ್ರಗಳ ವಿಷಯದಲ್ಲಿ ಬಹಳ ಬಿಗಿಯಾಗಿದ್ದ ಮಹಾತ್ಮಾ ಗಾಂಧಿಯವರೂ ೧೯೨೪ರಲ್ಲಿ ಈ ವಿಷಯವಾಗಿ ಮಾತನಾಡುತ್ತ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿಯನ್ನು ಕೊಟ್ಟರು. ದಕ್ಷಿಣ ಆಫ್ರಿಕದ ಸೆರೆಮನೆಯಲ್ಲಿ ಅವರು ಸ್ವತಃ ಹೊಲಿಗೆಯ ಕೆಲಸವನ್ನು ಮಾಡಿದವರು. ಸೂಜಿ ಹಿಡಿದರೆ ಗಂಡಸುತನಕ್ಕೆ ಕುಂದೆಂದು ತಿಳಿಯುವ ಬಾಲಕರು ಗಾಂಧೀಜಿಯವರನ್ನೂ ಸೂಜಿಕಾಯಕದ ರಾಮಿತಂದೆಯನ್ನೂ ನೆನೆಯಲಿ. ನಮ್ಮ ಓಣಿಯ ದರ್ಜಿಗಳೆಲ್ಲರೂ ಗಂಡಸರೇ ಅಲ್ಲವೆ?

ಕೌದಿಯೇ ಮೊದಲ ಪಾಠವಾಗಬೇಕೆಂದೇನೂ ಇಲ್ಲ. ಮೊದಲು ಬಿದ್ದ ಗುಂಡಿಯನ್ನು ಹಚ್ಚುವುದನ್ನು ಕಲಿಯಿರಿ. ಅನಂತರ ಬಿಚ್ಚಿದ ಅಂಚನ್ನು ಮಡಿಸಿ ಹೊಲಿಯುವುದು. ಅದು ಕೈಗೆ ಬಂದ ಮೇಲೆ ಹಳೆಯ ಷರಾಯಿಯ ಕಾಲಿನಿಂದ ಪುಸ್ತಕದ ಚೀಲ. ಬಳಿಕ ದಿಂಬಿನ ಗವಸು. ಮನೆಯಲ್ಲಿ ತಮ್ಮನೋ ತಂಗಿಯೋ ಹುಟ್ಟಿದರೆ ತಲೆಯನ್ನೂ ಬೆನ್ನನ್ನೂ ಮುಚ್ಚುವ ಕುಂಚಿಗೆಯನ್ನು ಹೊಲಿಯಬಹುದು. ಖಣದ ಚೂರುಗಳಿಂದ ಹೊಲಿದ ಕುಂಚಿಗೆಯನ್ನು ತೊಟ್ಟ ಕೂಸನ್ನು ನೋಡುವುದೇ ಒಂದು ಸೊಗಸು. ಕೌದಿಯ ಆಸೆಯಾದರೆ ಮೊದಲು ಒಂದು ಮೊಳ ಚೌಕದ, ಕುಳಿತುಕೊಳ್ಳುವ ಹಾಸನ್ನು ಹೊಲಿಯಿರಿ. ಸೂಜಿಯನ್ನು ಬಾಯಲ್ಲಿ ಕಚ್ಚಬಾರದು, ನೆಲದ ಮೇಲೆ ಬಿಡಬಾರದು; ಎದ್ದೇಳುವಾಗ ಎಣಿಸಿ ಪೆಟ್ಟಿಗೆಗೆ ಹಾಕಬೇಕು. ಎಂಟು ಜನ ಮಲಗುವ ಹತ್ತು ಅಡಿಯ ಕೋಣೆಗಳಲ್ಲಿ ಈ ಎಚ್ಚರ ಅತ್ಯವಶ್ಯ.

ಕೊನೆಯ ಮೂಲೆ

ಆ ರಜೆಯಲ್ಲಿ ನಮ್ಮ ಕೌದಿಯ ದುರಸ್ತಿ ಪೂರ್ಣವಾಗಲಿಲ್ಲ. ಹೊರಡುವ ದಿನ ಗೇಣಗಲದ ಒಂದು ಮೂಲೆ ಉಳಿದಿತ್ತು. ಕೊನೆಯ ತುಂಡಿನೊಳಗೆ ನಾಲ್ಕು ಜೋಳದ ಕಾಳುಗಳನ್ನಿಟ್ಟು ಮುಚ್ಚುವುದು ನಮ್ಮ ಮನೆಯ ರೂಢಿ. ಕೌದಿ ಹಸಿದಿರಬಾರದೆಂದು ತಾಯಿ ಹೇಳುತ್ತಿದ್ದರು. ಕಾಳುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟು, "ಇನ್ನ ನಿನಗ ಬರ್ತದ, ಮುಗಸು" ಎಂದರು. ಮುಂಬಯಿಗೆ ಬಂದು ಕೆಲಸದ ನೆವದಿಂದ ನಾವು ತಡಮಾಡಿದೆವು. ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ತಾಯಿ ಇರಲಿಲ್ಲ. ಊರಿನಿಂದ ಮರಳಿದ ವಾರದಲ್ಲಿ ಆ ಮೂಲೆಯನ್ನು ಹೊಲಿದು ಮುಗಿಸಿದೆವು. ಅಲ್ಲಿಯ ಸಾಲುಗಳು ಸೊಟ್ಟಗಿವೆ. ಹೊಲಿಗೆಗಳು ಒಂದು ದೊಡ್ಡದು, ಒಂದು ಚಿಕ್ಕದು. ಎಲ್ಲಿಯವರೆಗೆ ತಾಯಿಯ ಕೈ, ಎಲ್ಲಿಂದ ನಮ್ಮ ಕೈ ಎಂಬುದನ್ನು ಯಾರಾದರೂ ಹೇಳಬಹುದು. ಆದರೂ ಕೌದಿ ಗಟ್ಟಿಯಾಗಿದೆ. ಕಳೆದ ಚಳಿಗಾಲದಲ್ಲಿ ತರಗತಿಗೆ ಹೇಳಿದುದು ಇದೇ ಕೌದಿಯನ್ನು ಕುರಿತು.

ಇನ್ನೊಂದು ವರ್ಷ ನಾವು ಊರಿಗೆ ಹೋಗದಿದ್ದರೆ ಈ ವಿದ್ಯೆ ನಮ್ಮ ಮನೆಯಲ್ಲಿ ಅಲ್ಲಿಗೇ ನಿಲ್ಲುತ್ತಿತ್ತು. ಪುಸ್ತಕದಲ್ಲಿಯ ವಿದ್ಯೆ ನೂರು ವರ್ಷ ಕಾದೀತು. ಕೈಯಲ್ಲಿಯ ವಿದ್ಯೆ ಕಾಯದು.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜಿಯೋ ತಾಯಿಯೋ ಸೋದರತ್ತೆಯೋ ಈ ಕೆಲಸವನ್ನು ಬಲ್ಲವರಿರಬಹುದು. ಮನೆಯ ಕೌದಿಯನ್ನು ಒಂದು ಸಂಜೆ ಅವರ ಮುಂದೆ ಹಾಸಿ, ಒಂದೊಂದು ತುಂಡೂ ಯಾರ ಬಟ್ಟೆಯೆಂದು ಕೇಳಿರಿ. ಕೇಳಿದುದನ್ನು ವಹಿಯಲ್ಲಿ ಬರೆದಿಡಿರಿ.

ಅವರ ಕಣ್ಣು ಮಂಜಾಗಿದ್ದರೆ ಸೂಜಿಗೆ ನೂಲನ್ನು ನೀವು ಪೋಣಿಸಿಕೊಡಿರಿ. ಉಳಿದುದನ್ನು ಅವರು ಕಲಿಸುವರು. ಮುಂದಿನ ಚಳಿಗಾಲದಲ್ಲಿ ನಾವು ತರಗತಿಯಲ್ಲಿ ಮತ್ತೆ ಅದೇ ಪ್ರಶ್ನೆಯನ್ನು ಕೇಳುವೆವು. ಆಗ ಮೊದಲನೆಯ ಕೈ ಎತ್ತಲು ಯಾರೂ ತಡಮಾಡದಿರಲಿ.